ಬಾಳ್ಗಚ್ಚಿನ ಲೆಕ್ಕ: ಯುದ್ಧವನ್ನು ಕಟ್ಟುವ ರಾಜಕಾರಣ



ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದರ ಮೇಲೆ ನಾಯಿಯೂ ಕಾಡುಹಂದಿಯೂ ಕಾದುತ್ತಿರುವ ಚಿತ್ರವಿದೆ. ನಾಯಿಯ ಹೆಸರು ಕಾಳಿ. ನಮ್ಮ ನಾಡಿನಲ್ಲಿ ನಾಯಿಗೂ ಕಲ್ಲು ನಿಲ್ಲಿಸಿದ್ದರು ಎಂದು ಹೆಮ್ಮೆಪಡಲು ಈ ಶಾಸನವನ್ನು ಮತ್ತೆ ಮತ್ತೆ ನೆನೆಯುತ್ತೇವೆ. ಆದರೆ ಅದರ ಬರಹವನ್ನು ಪೂರ್ತಿ ಓದಿದರೆ ಬೇರೊಂದು ಸಂಗತಿ ತೆರೆದುಕೊಳ್ಳುತ್ತದೆ. ಕ್ರಿ.ಶ. 949ರಲ್ಲಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಬೂತುಗನ ಮುಂದೆ ನಿಂತು ಶತ್ರುಗಳನ್ನು ಇರಿದವನು ಮಣಲೆರ. ಅವನಿಗೆ ಬೂತುಗ ಆತಕೂರು 12ನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಕಾಳಿ ಬೂತುಗನ ಮೆಚ್ಚಿನ ಬೇಟೆನಾಯಿ. ಮಣಲೆರ ಅದನ್ನು ಬೇಡಿ ಪಡೆದುಕೊಂಡ. ಅದು ಹಂದಿಯೊಂದನ್ನು ಕೊಂದು ತಾನೂ ಸತ್ತಾಗ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಚಕ್ರವರ್ತಿಯಿಂದ ಮಾಂಡಲಿಕನಿಗೆ, ಮಾಂಡಲಿಕನಿಂದ ಭಟನಿಗೆ, ಭಟನಿಂದ ನಾಯಿಗೆ: ಒಂದು ಯುದ್ಧದ ಸಂಬಳದ ಪಟ್ಟಿ ಒಂದೇ ಕಲ್ಲಿನ ಮೇಲಿದೆ. (ನಾಡಿನ ಹೆಸರಿನ ಮುಂದಿನ ಸಂಖ್ಯೆ ಹಳ್ಳಿಗಳದೋ ಆದಾಯದ್ದೋ ಎಂಬ ವಿದ್ವಾಂಸರ ಜಗಳ ಹಳೆಯದು. ಎರಡರಲ್ಲಿ ಯಾವುದಾದರೂ ನನ್ನ ವಾದಕ್ಕೆ ಬಾಧಕವಿಲ್ಲ, ಎರಡೂ ಲೆಕ್ಕವೇ.)

ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು ತೊಳೆಯುವುದು. ಕತ್ತಿಗೆ ಅಂಟಿದ ನೆತ್ತರನ್ನು ತೊಳೆದು ಕೊಡುವ ಕೊಡುಗೆಗೂ ಅದೇ ಹೆಸರು. ಈ ಮಾತು ಆತಕೂರಿನಲ್ಲಿ ಹುಟ್ಟಿದ್ದಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಐದನೆಯ ಶತಮಾನದ್ದೆಂದು ಬಹುಮಂದಿ ಒಪ್ಪುವ ಹಲ್ಮಿಡಿ ಶಾಸನದಲ್ಲೇ ಅದಿದೆ. ಕೇಕಯ ಪಲ್ಲವರ ವಿರುದ್ಧ ಕಾದಿ ಗೆದ್ದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳು ಬಾಳ್ಗಚ್ಚಾಗಿ ಸಂದವು ಎಂಬುದೇ ಅದರ ತಿರುಳು. ಕನ್ನಡ ಕಲ್ಲಿನ ಮೇಲೆ ಮೂಡಿದ ಮೊದಮೊದಲ ವಾಕ್ಯಗಳು ಪ್ರಾರ್ಥನೆಯ ಜೊತೆಗೆ ಯುದ್ಧದ ಪಾವತಿಯೂ ಹೌದು ಎಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಹಲ್ಮಿಡಿಯ ಭಾಷೆಯ ಬಗ್ಗೆ ಬರೆದಷ್ಟು ಬರೆದಿಲ್ಲ. ಬೇಗೂರಿನ ಪ್ರಸಿದ್ಧ ಕಲ್ಲಿನಲ್ಲಿ ನಾಗತ್ತರನೆಂಬ ನಾಯಕ ಗಂಗ ಎರೆಯಪ್ಪನ ಆಜ್ಞೆಯಂತೆ ಹೋಗಿ, ವೀರಮಹೇಂದ್ರನ ಪಡೆಯ ವಿರುದ್ಧ ತುಂಬೆಪಾಡಿಯಲ್ಲಿ ಆನೆಯೊಡನೆ ಕಾದಿ ಸಾಯುತ್ತಾನೆ. ಅವನ ಪದವಿ ಇರುಗನಿಗೆ ಹೋಗುತ್ತದೆ. ಬೆಂಪೂರು 12 ಕಲ್ನಾಡೆಂಬ ಭೂಮಿಯ ಕೊಡುಗೆಯಾಗಿ ಸಲ್ಲುತ್ತದೆ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ, ಒಮ್ಮೆ ಕೇಳಿದರೆ ಮರೆಯಲಾಗದ ಹೆಸರಿದೆ. ನೆತ್ತರಿಗೆ ಕೊಟ್ಟ ಕೊಡುಗೆ. ನಮ್ಮ ಹಿರಿಯರು ಇದನ್ನು ಮುಚ್ಚುಮರೆ ಮಾಡದೆ ಹೀಗೆ ಕರೆದರು.

ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಈ ಕಲ್ಲುಗಳಿಂದಲೇ ಹೊರಡುತ್ತದೆ. ಯುದ್ಧವೆಂಬುದು ಮನುಷ್ಯ ಸ್ವಭಾವದೊಳಗೆ ಅಡಗಿ ಕುಳಿತ ಮೃಗ, ಸಮಯ ನೋಡಿ ಹೊರಬೀಳುತ್ತದೆ, ರಾಜಕೀಯದ ಕೆಲಸ ಅದನ್ನು ಕಟ್ಟಿಹಾಕುವುದು ಎಂದು ಸಾಮಾನ್ಯವಾಗಿ ನಂಬಿದ್ದೇವೆ. ನನಗೆ ತೋರುವುದು ಇದರ ತಿರುಗುಮುರುಗು. ಮನುಷ್ಯನನ್ನು ಯುದ್ಧಕ್ಕೆ ಒಯ್ಯಲು ರಾಜ್ಯಗಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಅನ್ನ, ಭೂಮಿ, ಬಿರುದು, ಸ್ವರ್ಗ, ನಾಚಿಕೆ, ಭಯ ಎಲ್ಲವನ್ನೂ ಅದಕ್ಕಾಗಿ ವೆಚ್ಚ ಮಾಡಿದವು. ತಾನಾಗಿ ಹರಿಯುವ ನೀರಿಗೆ ಯಾರೂ ಏತ ಕಟ್ಟುವುದಿಲ್ಲ. ಇಷ್ಟೊಂದು ಏತಗಳನ್ನು ಕಟ್ಟಬೇಕಾಯಿತು ಎಂಬುದೇ ನೀರು ತಾನಾಗಿ ಮೇಲೇರಲಿಲ್ಲ ಎನ್ನುವುದಕ್ಕೆ ಸಾಕ್ಷಿ. ಜರ್ಮನ್ ಸೇನಾ ಚಿಂತಕ ಕ್ಲಾಸ್‌ವಿಟ್ಸ್‌ನ ಗ್ರಂಥ ಅವನು ಸತ್ತ ಮೇಲೆ 1832ರಲ್ಲಿ ಪ್ರಕಟವಾದಾಗಿನಿಂದ, ಯುದ್ಧ ರಾಜಕೀಯದ ಮುಂದುವರಿಕೆ ಎಂಬ ಅವನ ವಿಚಾರ ಎಲ್ಲರ ಬಾಯಲ್ಲಿದೆ. ಅದರಲ್ಲಿ ರಾಜಕೀಯ ಯುದ್ಧದ ಹಿಂದೆ ನಿಂತು ಅದನ್ನು ಕಳುಹಿಸಿಕೊಡುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಯಾರು ತೀರ್ಮಾನಿಸಬೇಕು, ಯಾರು ಸಾಯಬೇಕು, ಯಾರು ತೆರಬೇಕು, ಯಾರು ಪಡೆಯಬೇಕು ಎಂಬ ಹಂಚಿಕೆಯೇ ರಾಜಕೀಯ. ಆ ಹಂಚಿಕೆ ಇಲ್ಲದ ಕಡೆ ಹೊಡೆದಾಟವಿರಬಹುದು, ಯುದ್ಧವಿರುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ತಾಂಜಾನಿಯಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಅಭ್ಯಾಸ ಮಾಡುತ್ತಿದ್ದ ಚಿಂಪಾಂಜಿಗಳ ಗುಂಪು ಎರಡಾಗಿ ಒಡೆದು, 1974ರಿಂದ 1978ರ ನಡುವೆ ಒಂದು ಗುಂಪು ಇನ್ನೊಂದರ ಗಂಡುಗಳನ್ನು ಒಂದೊಂದಾಗಿ ಬೇಟೆಯಾಡಿ ಮುಗಿಸಿತು. ಕೆನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕಿರುವ ನಾಟಾರುಕ್‌ನಲ್ಲಿ ಸುಮಾರು 10,000 ವರ್ಷ ಹಿಂದಿನ, ಕನಿಷ್ಠ 27 ಮಂದಿಯ ಮೂಳೆಗಳು ಸಿಕ್ಕವು. ಅವರು ಬೇಟೆಯಾಡಿ ಗೆಡ್ಡೆಗೆಣಸು ಆಯ್ದು ಬದುಕುತ್ತಿದ್ದವರು. ಹಲವರ ತಲೆಬುರುಡೆ ಒಡೆದಿತ್ತು. ಅರಸ, ತೆರಿಗೆ, ಶಾಸನ ಯಾವುದೂ ಇಲ್ಲದ ಕಾಲದಲ್ಲಿ ಜನ ಗುಂಪಾಗಿ ಜನರನ್ನು ಕೊಂದಿದ್ದರು ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಕಡಿಮೆ. ಒಪ್ಪೋಣ. ಮನುಷ್ಯ ಕೊಲ್ಲಬಲ್ಲ, ಗುಂಪು ಕಟ್ಟಿಕೊಂಡೂ ಕೊಲ್ಲಬಲ್ಲ. ಆದರೆ ಬಲ್ಲ ಎನ್ನುವುದಕ್ಕೂ ಮಾಡುತ್ತಲೇ ಇರುತ್ತಾನೆ ಎನ್ನುವುದಕ್ಕೂ ಅಂತರವಿದೆ. ಹಸಿವು ಪ್ರಕೃತಿ, ಅನ್ನಛತ್ರ ಪ್ರಕೃತಿಯಲ್ಲ. ಅಕ್ಕಿ ತರಿಸುವವರು, ಒಲೆ ಹಚ್ಚುವವರು, ಪಂಕ್ತಿ ತೀರ್ಮಾನಿಸುವವರು, ಖರ್ಚು ಬರೆಯುವವರು ಸೇರಿದರೆ ಅನ್ನಛತ್ರ. ಗೊಂಬೆಯ ಚಿಂಪಾಂಜಿ ತನ್ನ ಹಗೆಯನ್ನು ತಾನೇ ಕಚ್ಚಿತು. ತನಗೆ ಪರಿಚಯವೇ ಇಲ್ಲದವನನ್ನು ಕೊಲ್ಲಲು, ತನಗೆ ಪರಿಚಯವಿಲ್ಲದ ಇನ್ನೊಬ್ಬನ ಮಾತಿನಂತೆ, 200 ಹರದಾರಿ ನಡೆದುಹೋಗುವ ಪ್ರಾಣಿ ಮನುಷ್ಯನೊಬ್ಬನೇ. ಆ ನಡಿಗೆಯನ್ನು ವಿವರಿಸಬೇಕಾದವರು ಸ್ವಭಾವದ ಹೆಸರು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ನಡಿಗೆ ಹೇಗೆ ಶುರುವಾಯಿತು ಎಂಬುದಕ್ಕೆ ನಮ್ಮ ನೆಲದಲ್ಲೇ ಸುಳಿವುಗಳಿವೆ. ಕೊಡೇಕಲ್ಲು, ಬೂದಿಹಾಳ, ಬಳ್ಳಾರಿ ಬಳಿಯ ಕುಪ್ಪಗಲ್ಲು ಮೊದಲಾದ ಕಡೆ ಬೂದಿದಿಬ್ಬಗಳಿವೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳು ಸಗಣಿಯನ್ನು ಒಟ್ಟಿ ಸುಟ್ಟ ರಾಶಿಗಳು ಅವು. ತೆಲಂಗಾಣದ ಉಟ್ನೂರಿನಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅಗೆಸಿದಾಗ ದೊಡ್ಡಿಯ ಸುತ್ತ ಮರದ ಬೊಡ್ಡೆಗಳನ್ನು ನೆಟ್ಟ ಗುರುತು ಸಿಕ್ಕಿತು. ಆ ಬೇಲಿ ಚಿರತೆಗಾಗಿಯೋ ಕಳ್ಳನಿಗಾಗಿಯೋ ಎಂಬುದನ್ನು ಬೂದಿ ಹೇಳುವುದಿಲ್ಲ. ಆದರೆ ದನವೆಂಬುದು ಕಾಲಿರುವ ಸಂಪತ್ತು. ಹೊತ್ತುಕೊಂಡು ಹೋಗಬೇಕಿಲ್ಲ, ಅಟ್ಟಿಕೊಂಡು ಹೋದರೆ ಸಾಕು. ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಳೆದು ವೀರಗಲ್ಲುಗಳ ಕಾಲಕ್ಕೆ ಬಂದರೆ ಅತಿ ಹೆಚ್ಚು ಕೇಳಿಬರುವ ಮಾತು ತುರುಗೋಳ್. ಅದರ ಪಕ್ಕದಲ್ಲಿ ಊರಳಿವು, ಪೆಣ್ಬುಯ್ಯಲ್. ದನ ಹಿಡಿದದ್ದು, ಊರು ಹಾಳಾದದ್ದು, ಹೆಣ್ಣಿನ ಗೋಳು: ಸಾವಿನ ಕಾರಣ ಹೆಚ್ಚಾಗಿ ಈ ಮೂರರಲ್ಲೊಂದು. ಮೂರೂ ಸ್ವತ್ತಿನ ಮಾತೇ, ಹೆಣ್ಣನ್ನೂ ಸ್ವತ್ತಿನೊಂದಿಗೆ ಸೇರಿಸಿ ಎಣಿಸುತ್ತಿದ್ದ ಕಾಲವದು. ಕೂಡಿಡಬಲ್ಲ, ಕಿತ್ತುಕೊಳ್ಳಬಲ್ಲ ಆಸ್ತಿ ಇರುವಲ್ಲಿ ಕಾವಲು ಬೇಕು. ಕಾವಲಿನವನಿಗೆ ಉಂಬಳಿ ಬೇಕು. ಉಂಬಳಿ ಕೊಡುವವನು ಒಡೆಯನಾಗುತ್ತಾನೆ. ಒಡೆಯನಾದವನಿಗೆ ಕಾವಲಿನ ಪಡೆ ಕೈಯಲ್ಲಿದ್ದ ಮೇಲೆ ಪಕ್ಕದ ಊರಿನ ದನವೂ ಕಾಣತೊಡಗುತ್ತದೆ. ಊರು ಕಾಯುವವನೂ ಊರು ಸುಡುವವನೂ ಒಂದೇ ಕಣಜದ ಕಾಳು ಉಂಡವರು. ಈ ಎರಡು ಕೆಲಸಗಳ ನಡುವೆ ಗೆರೆ ಎಳೆಯುವುದು ಯಾವ ಕಾಲದಲ್ಲೂ ಸುಲಭವಾಗಿರಲಿಲ್ಲ.

ಇಲ್ಲಿ ಎರಡನೆಯ ಆಕ್ಷೇಪ ಏಳುತ್ತದೆ. ದುಡ್ಡಿಗಾಗಿ, ಹೆದರಿಕೆಯಿಂದ ಮಾತ್ರ ಜನ ಸತ್ತರೆ? ಊರಿನ ದನ ಬಿಡಿಸಲು ಒಬ್ಬನೇ ನುಗ್ಗಿದವನು ಉಂಬಳಿಯ ಲೆಕ್ಕ ಹಾಕಿದನೆ? ಹೊಯ್ಸಳ ಇಮ್ಮಡಿ ಬಲ್ಲಾಳನ ಗರುಡ ಕುವರ ಲಕ್ಷ್ಮ ತನ್ನ ಒಡೆಯನೊಂದಿಗೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬ ಇಂದಿಗೂ ಹೇಳುತ್ತದೆ. ಅವನಿಗೆ ಸತ್ತ ಮೇಲೆ ಯಾವ ಊರಿನಿಂದ ಏನು ಪ್ರಯೋಜನ? ಆಕ್ಷೇಪ ಸರಿಯಾದದ್ದೇ. ಸಾಯುವವನ ಮನಸ್ಸಿನೊಳಗೆ ನಿಷ್ಠೆಯೂ ಪ್ರೀತಿಯೂ ಇದ್ದವು, ಅವು ನಿಜವಾದವು. ಆದರೆ ನಿಷ್ಠೆ ತಾನೇ ಬೆಳೆದ ಬೆಳೆಯಲ್ಲ, ಬಿತ್ತಿ ಬೆಳೆಸಿದ್ದು. ಉಂಡ ಜೋಳದ ಋಣ ತೀರಿಸುವುದಕ್ಕೆ ಜೋಳವಾಳಿ ಎಂದೂ, ಒಡೆಯನಿಗೆ ಹೊತ್ತಿಗೆ ಒದಗಿ ಪ್ರಾಣ ಕೊಡುವ ವ್ರತಕ್ಕೆ ವೇಳೆವಾಳಿ ಎಂದೂ ಹೆಸರಿಟ್ಟು, ಆ ವ್ರತ ಹಿಡಿದವರನ್ನು ಲೆಂಕ, ಗರುಡ ಎಂದು ಪ್ರತ್ಯೇಕಿಸಿ, ಅವರ ಸಾವನ್ನು ಕಲ್ಲಿನಲ್ಲಿ ಕಡೆಸಿದ ವ್ಯವಸ್ಥೆಯಿದು. ಸಾಮಾನ್ಯ ವೀರಗಲ್ಲಿನ ಮೂರು ಅಂತಸ್ತುಗಳನ್ನು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆಯೋ ಜಿನನ ಮುಂದೆಯೋ ಅವನು ಕೂತಿರುವುದು. ಓದು ಬಾರದವನಿಗೂ ಕೆಳಗಿನಿಂದ ಮೇಲಕ್ಕೆ ಓದಲು ಬರುವ ಬರಹ ಅದು. ಊರಬಾಗಿಲಲ್ಲಿ ಅದನ್ನು ದಿನಾ ನೋಡುತ್ತ ಬೆಳೆದ ಹುಡುಗನಿಗೆ ಯಾರೂ ಬೇರೆ ಪಾಠ ಹೇಳಬೇಕಿರಲಿಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ಇಂದಿಗೂ ಅನ್ನುತ್ತೇವೆ. ಜಂತಿ ಎಣಿಸದ ಆ ಗುಣವೇ ಎಲ್ಲ ಸೈನ್ಯಗಳ ಮೂಲ ಬಂಡವಾಳ. ಪಂಪ 941ರಲ್ಲಿ ತನ್ನ ಭಾರತವನ್ನು ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಧರ್ಮಪುರವೆಂಬ ಅಗ್ರಹಾರ ಪಡೆದ. ಅದೇ ಕಾವ್ಯದಲ್ಲಿ ಅವನ ಮನಸ್ಸು ಮಾತ್ರ ಉಂಡ ಋಣಕ್ಕೆ ಕಟ್ಟುಬಿದ್ದು ಸಾಯುವ ಕರ್ಣನ ಕಡೆಗೆ ವಾಲುತ್ತದೆ. ಕವಿಯೂ ಕಲಿಯೂ ಆಗಿದ್ದ ಅವನಿಗೆ ಆ ಋಣದ ಭಾರ ಗೊತ್ತಿತ್ತೆಂದು ನಾನು ಊಹಿಸುತ್ತೇನೆ. ವೀರಗಲ್ಲಿನ ಪಕ್ಕದಲ್ಲೇ, ಬಳೆ ತೊಟ್ಟ ತೋಳು ಮಾತ್ರ ಕಾಣುವ ಮಾಸ್ತಿಕಲ್ಲೂ ನಿಂತಿರುತ್ತದೆ. ಬಾಳ್ಗಚ್ಚು ಆಕೆಗೆ ಬರಲಿಲ್ಲ. ತೆತ್ತವರಲ್ಲಿ ಆಕೆಯೂ ಒಬ್ಬಳು.

ಮೂರನೆಯ ಆಕ್ಷೇಪ ಇವತ್ತಿನ ದಿನ ಎಲ್ಲಕ್ಕಿಂತ ಜೋರಾಗಿ ಕೇಳಿಸುವುದು: ಯುದ್ಧಗಳಿಗೆ ಲೆಕ್ಕಾಚಾರ ಕಾರಣವಲ್ಲ, ಹುಟ್ಟಾ ದ್ವೇಷ ಕಾರಣ, ಮತಕ್ಕೂ ಮತಕ್ಕೂ, ಜನಕ್ಕೂ ಜನಕ್ಕೂ ಇರುವ ಆರದ ಹಗೆ ಕಾರಣ. ಇದಕ್ಕೆ ಉದಾಹರಣೆಯಾಗಿ ನಮ್ಮಲ್ಲಿ ಎತ್ತುವುದು 1565ರ ಜನವರಿಯ ರಕ್ಕಸತಂಗಡಗಿ ಯುದ್ಧವನ್ನು. ಆ ಯುದ್ಧದ ಹಿಂದಿನ ಹತ್ತು ವರ್ಷವನ್ನು ಬಿಡಿಸಿ ನೋಡೋಣ. ಬಿಜಾಪುರದ ಅಲಿ ಆದಿಲ್‌ಶಾಹಿ ವಿಜಯನಗರದ ರಾಮರಾಯನ ನೆರವು ಕೋರಿ, ಇಬ್ಬರೂ ಒಟ್ಟಿಗೆ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು. ರಾಮರಾಯ ಅಲಿಯನ್ನು ಮಗನಂತೆ ಕಂಡನೆಂದು ಫೆರಿಷ್ತಾನ ಇತಿಹಾಸ ಹೇಳುತ್ತದೆ. ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ಪ್ರತಿ ಸಲವೂ ಒಂದಿಷ್ಟು ಕೋಟೆ, ಒಂದಿಷ್ಟು ಸೀಮೆ ತನ್ನ ಕಡೆ ಎಳೆದುಕೊಳ್ಳುವುದು ರಾಮರಾಯನ ರಾಜಕಾರಣ. ಅದು ಅತಿಯಾದಾಗ, ನಿನ್ನೆಯವರೆಗೆ ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಹಾಕಿದ್ದ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಟ್ಟಾದವು. ಒಟ್ಟಾಗಲು ಮತ ಒಂದೇ ಸಾಲದೆ ಹೋಯಿತು, ಮದುವೆ ಬೇಕಾಯಿತು. ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹಿಯ ಮಗಳು ಚಾಂದ್‌ಬೀಬಿ ಅಲಿಯ ಕೈಹಿಡಿದಳು, ಬಹುಕಾಲದ ಜಗಳದ ಸೊಲ್ಲಾಪುರ ಬಳುವಳಿಯಾಗಿ ಬಂತು. ಗೆದ್ದ ಮೇಲೆ ಆ ಒಗ್ಗಟ್ಟು ಎಷ್ಟು ದಿನ ಉಳಿಯಿತು? ಕೆಲವೇ ವರ್ಷಗಳಲ್ಲಿ ಅವರವರೇ ಮತ್ತೆ ಕಾದಾಡಿದರು. 1574ರಲ್ಲಿ ಅಹಮದ್‌ನಗರ ಬೇರಾರನ್ನು ನುಂಗಿತು. ಅದಕ್ಕೂ ಹಿಂದಿನ ಎರಡು ಶತಮಾನ ಬಹಮನಿಗಳೂ ವಿಜಯನಗರದವರೂ ಬಡಿದಾಡಿದ್ದು ಬಹುಪಾಲು ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಗಾಗಿ. ವಿಜಯನಗರದ ಸೈನ್ಯದಲ್ಲಿ ಇಮ್ಮಡಿ ದೇವರಾಯನ ಕಾಲದಿಂದಲೂ ಮುಸಲ್ಮಾನ ಸವಾರರೂ ಬಿಲ್ಲಾಳುಗಳೂ ಇದ್ದರು. ದ್ವೇಷ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಹಂಪೆಯ ಮುರುಕು ಗೋಡೆಗಳ ಮುಂದೆ ನಿಂತು ಹಾಗೆ ಹೇಳುವುದು ಸಾಧ್ಯವಿಲ್ಲ. ದ್ವೇಷ ಬೇಕಾದಾಗ ಉಗ್ರಾಣದಿಂದ ಹೊರಬಂತು, ಬೇಡವಾದಾಗ ಒಳಗೆ ಹೋಯಿತು ಎನ್ನುತ್ತಿದ್ದೇನೆ. ಉಗ್ರಾಣದ ಬೀಗದಕೈ ಯಾರ ಸೊಂಟದಲ್ಲಿತ್ತು ಎಂಬುದೇ ಪ್ರಶ್ನೆ.

ದ್ವೇಷವಿಲ್ಲದೆಯೂ ಯುದ್ಧ ನಡೆಯುತ್ತದೆ ಎನ್ನಲು ಇನ್ನೂ ಹತ್ತಿರದ ನಿದರ್ಶನವಿದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಪಡೆಗಳು ಹೈಫಾ ಪಟ್ಟಣವನ್ನು ಹಿಡಿದವು. ದೆಹಲಿಯ ತೀನ್‌ಮೂರ್ತಿ ಸ್ಮಾರಕದ ಮೂವರು ಸಿಪಾಯಿಗಳಲ್ಲಿ ಒಬ್ಬ ಮೈಸೂರಿನವನ ಪ್ರತಿನಿಧಿ. ಆಟೋಮನ್ ತುರ್ಕರಿಗೂ ಮೈಸೂರಿನ ಸವಾರನಿಗೂ ಹಿಂದೆ ಯಾವ ಜಗಳವೂ ಇರಲಿಲ್ಲ. ಅವನು ಈಟಿ ಹಿಡಿದು ಬೆಟ್ಟ ಹತ್ತಿದ್ದು ಜೋಳವಾಳಿಯ ಬಲದಿಂದ, ಒಡೆಯ ಮಾತ್ರ ಒಬ್ಬನ ಮೇಲೊಬ್ಬನಾಗಿ ಲಂಡನ್ನಿನ ತನಕ ಹೋಗಿದ್ದ. ಆ ಮೊದಲ ಮಹಾಯುದ್ಧದಲ್ಲಿ 74,000ಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತರು.

ಯುದ್ಧ ಮುಗಿದ ದಿನ ಲೆಕ್ಕ ಮುಗಿಯುವುದಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೇಳಿತು. ಹಣ ಸಲ್ಲುವ ತನಕ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟುಕೊಂಡಿತು. ಕೋಟೆ ಬಿದ್ದು ಟಿಪ್ಪು ಮಡಿದ 1799ರಲ್ಲಿ, ಒಡೆಯರಿಗೆ ಮರಳಿದ ಮೈಸೂರಿನ ಮೇಲೆ ಈಸ್ಟ್ ಇಂಡಿಯಾ ಕಂಪನಿ ವರ್ಷಕ್ಕೆ 7 ಲಕ್ಷ ವರಾಹದ ಪೊಗದಿ ಹೇರಿತು. ರಾಜ್ಯವನ್ನು ಕಾಯುವ ಪಡೆಯ ಖರ್ಚು ಎಂಬುದು ಅದರ ಹೆಸರು. ಯಾರಿಂದ ಕಾಯಬೇಕು ಎಂಬ ಪ್ರಶ್ನೆಗೆ, ಕಾಯಲು ಬಂದವರನ್ನು ಬಿಟ್ಟರೆ ಹತ್ತಿರದಲ್ಲಿ ಬೇರೆ ಉತ್ತರ ಸಿಗುವುದು ಕಷ್ಟವಾಗಿತ್ತು. ಅಲ್ಲಿಂದ ಮೂವತ್ತು ವರ್ಷದಲ್ಲಿ ಏನಾಯಿತು ನೋಡಿ. ಶರತ್ತಿನ ಪದ್ಧತಿಯಲ್ಲಿ ಇಂತಿಷ್ಟು ಹಣ ತಂದೇ ತರುತ್ತೇವೆಂದು ಒಪ್ಪಿದ ಅಮಲ್ದಾರರು ರೈತರನ್ನು ಹಿಂಡಿದರು; 1830-31ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ನಿಲ್ಲಿಸಿದರು; ಬೂದಿ ಬಸವಪ್ಪ ಅರಸುತನಕ್ಕೆ ಹಕ್ಕು ಹೂಡಿದ; ದಂಗೆ ಅಡಗಿಸಲು ಮತ್ತೆ ಪಡೆ ಬಂತು; ಅದೇ ನೆಪವಾಗಿ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಿತ್ತುಕೊಂಡ, ಅದು ಮರಳಿದ್ದು 1881ರಲ್ಲಿ. ಅರಮನೆಯ ದುಂದು, ಅಧಿಕಾರಿಗಳ ಲಂಚ, ಧಾನ್ಯದ ಬೆಲೆ ಕುಸಿತ ಎಲ್ಲವೂ ಈ ದಂಗೆಗೆ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಏನೇ ಕುಸಿದರೂ ಕುಸಿಯದೆ ನಿಂತದ್ದು ಆ 7 ಲಕ್ಷ ವರಾಹದ ಬಾಕಿ. ನಗರದ ಅಡಿಕೆ ತೋಟದಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ ಶ್ರೀರಂಗಪಟ್ಟಣದ ಕೋಟೆಯನ್ನು ಕಂಡಿರಲಾರ. ಅದನ್ನು ಒಡೆದದ್ದಕ್ಕೆ ಮಾತ್ರ ಮೂರು ದಶಕ ಕಂತು ಕಟ್ಟಿದ.

ರಾಜನೀತಿ ಬರೆದವರಿಗೆ ಈ ಲೆಕ್ಕ ತಿಳಿಯದೆ ಇರಲಿಲ್ಲ. ಕುಟಿಲತೆಗೆ ಹೆಸರಾದ ಕೌಟಿಲ್ಯನೇ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ, ಸಂಧಿಯಿಂದಲೂ ವಿಗ್ರಹದಿಂದಲೂ ಸಮಾನ ಲಾಭವಾಗುವುದಾದರೆ ಸಂಧಿಯನ್ನೇ ಹಿಡಿಯಬೇಕೆಂದು ಹೇಳುತ್ತಾನೆ. ಯುದ್ಧದಲ್ಲಿ ಕ್ಷಯವಿದೆ, ವ್ಯಯವಿದೆ, ಪ್ರವಾಸವಿದೆ, ಪ್ರತ್ಯವಾಯವಿದೆ. ಅವನ ವಾದದಲ್ಲಿ ಕರುಣೆಯ ಒಂದು ಹನಿಯೂ ಇಲ್ಲ, ಅದಕ್ಕೇ ಅದು ನನಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಬರಿಯ ಲಾಭದ ತಕ್ಕಡಿಯೇ ಶಾಂತಿಯ ಕಡೆ ವಾಲುತ್ತದೆ ಎಂದು ಅವನು ತೋರಿಸಿದ. ಹಾಗಿದ್ದೂ ಯುದ್ಧ ಏಕೆ ನಡೆಯುತ್ತದೆ ಎಂದರೆ, ಲಾಭದ ತಟ್ಟೆ ಒಬ್ಬನ ಮನೆಯಲ್ಲೂ ನಷ್ಟದ ತಟ್ಟೆ ಇನ್ನೊಬ್ಬನ ಮನೆಯಲ್ಲೂ ಇರುತ್ತದೆ. 1795ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಇದನ್ನೇ ಇನ್ನೊಂದು ಬದಿಯಿಂದ ಹಿಡಿದ: ತೆರಬೇಕಾದವರ ಒಪ್ಪಿಗೆ ಬೇಕೆಂಬ ಕಟ್ಟುಪಾಡಿದ್ದರೆ ಯುದ್ಧಕ್ಕೆ ಅವರು ಹಿಂದೆಮುಂದೆ ನೋಡುತ್ತಾರೆ ಎಂದ. ಪ್ರಜೆಗಳು ಆರಿಸಿದ ಸರ್ಕಾರಗಳೂ ಯುದ್ಧಕ್ಕೆ ಹೋಗಿವೆಯಲ್ಲ, 1914ರ ಆಗಸ್ಟ್ 4ರಂದು ಜರ್ಮನಿಯ ಸಮಾಜವಾದಿಗಳೇ ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಕೈ ಎತ್ತಿದರಲ್ಲ, 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಹೋಯಿತಲ್ಲ ಎಂದು ಕೇಳಬಹುದು. ಕೇಳಲೇಬೇಕು. ಆದರೆ ಆ ಎರಡೂ ಪ್ರಸಂಗಗಳಲ್ಲಿ ಮತ ಹಾಕಿದವನ ಮುಂದೆ ಪೂರ್ತಿ ಲೆಕ್ಕ ಇಟ್ಟಿರಲಿಲ್ಲ. ಮೊದಲನೆಯದರಲ್ಲಿ ಖರ್ಚನ್ನು ಸಾಲದ ಹೆಸರಿನಲ್ಲಿ ಮುಂದಿನ ತಲೆಮಾರಿಗೆ ದಾಟಿಸಿದರು. ಎರಡನೆಯದರ ಹೊತ್ತಿಗೆ ಅಮೆರಿಕದಲ್ಲಿ ಕಡ್ಡಾಯ ಸೈನ್ಯಸೇವೆ ನಿಂತು ಮೂವತ್ತು ವರ್ಷವಾಗಿತ್ತು. ಸಾಯುವುದು ಕೆಲವು ಮನೆಗಳ ಪಾಲಿಗೆ ಮಾತ್ರ ಬಂದಿತ್ತು. ಪ್ರಜಾಪ್ರಭುತ್ವ ಎಂಬ ಹೆಸರು ಇದ್ದ ಮಾತ್ರಕ್ಕೆ ತೀರ್ಮಾನಿಸುವವನೂ ತೆರುವವನೂ ಒಬ್ಬನೇ ಆಗಿಬಿಡುವುದಿಲ್ಲ.

ನಮ್ಮ ದೇಶಕ್ಕೆ ಈ ಮಾತನ್ನು ಹಚ್ಚಿ ನೋಡಬೇಕು. 1939ರ ಸೆಪ್ಟೆಂಬರ್ 3ರಂದು ವೈಸ್‌ರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಎಂದು ಸಾರಿದ, ಯಾವ ಭಾರತೀಯ ಪ್ರತಿನಿಧಿಯನ್ನೂ ಕೇಳಲಿಲ್ಲ. ಕೇಳಲಿಲ್ಲವೆಂಬುದು ಒಂದು ಮುಖ್ಯ ಕಾರಣವಾಗಿ ಕಾಂಗ್ರೆಸ್ಸಿನ ಪ್ರಾಂತೀಯ ಮಂತ್ರಿಮಂಡಲಗಳು ಅಧಿಕಾರ ಬಿಟ್ಟು ಹೊರಬಂದವು. ಆ ಅವಮಾನವನ್ನು ಉಂಡವರೇ ಹತ್ತು ವರ್ಷದ ಮೇಲೆ ಸಂವಿಧಾನ ರಚಿಸಿದರು. ಅದರ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 15ನೆಯ ವಿಷಯ ಯುದ್ಧ ಮತ್ತು ಶಾಂತಿ. 51ನೆಯ ವಿಧಿ ಅಂತರರಾಷ್ಟ್ರೀಯ ಶಾಂತಿಗೆ ಶ್ರಮಿಸಬೇಕೆನ್ನುತ್ತದೆ. ಆದರೆ ಯುದ್ಧಕ್ಕೆ ಹೋಗುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕು ಎಂದು ಸ್ಪಷ್ಟವಾಗಿ ಹೇಳುವ ಒಂದು ವಿಧಿಯೂ ಅದರಲ್ಲಿಲ್ಲ. ಮೇಲೆ ಬೀಳುವ ಶತ್ರು ಸಂಸತ್ತು ಸೇರುವ ತನಕ ಕಾಯುತ್ತಾನೆಯೆ ಎಂಬ ಮರುಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ 1962ರಲ್ಲೇ ಇದೆ. ಚೀನಾದ ಪಡೆಗಳು ಗಡಿ ದಾಟಿ ಬಂದಿದ್ದವು, ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು. ಬೇಗ ಅಧಿವೇಶನ ಕರೆಯಬೇಕೆಂಬ ಬೇಡಿಕೆಯನ್ನು ನೆಹರೂ ಒಪ್ಪಿದರು. ನವೆಂಬರ್ 8ಕ್ಕೆ ಸಂಸತ್ತು ಸೇರಿತು, ಯುದ್ಧ ನಡೆಯುತ್ತಿರುವಾಗಲೇ ಸರ್ಕಾರದ ತಪ್ಪುಗಳನ್ನು ಎತ್ತಿ ಆಡಿತು. ದೇಶ ಅದರಿಂದ ಕುಗ್ಗಲಿಲ್ಲ. ಸೋಲಿಗೆ ಬೇರೆ ಕಾರಣಗಳಿದ್ದವು, ಮಾತನಾಡಿದ್ದು ಅವುಗಳಲ್ಲಿ ಒಂದಲ್ಲ. ಕುಗ್ಗಿಸಿದ್ದು ಬೇರೆ: ಯುದ್ಧ ಒಂದೇ ತಿಂಗಳಲ್ಲಿ ನಿಂತರೂ ಆ ತುರ್ತುಪರಿಸ್ಥಿತಿ 1968ರ ಜನವರಿಯವರೆಗೆ ಮುಂದುವರಿಯಿತು. ಯುದ್ಧಕ್ಕೆಂದು ರಾಜ್ಯದ ಕೈಗೆ ಹೋದ ಅಧಿಕಾರ ಶಾಂತಿ ಬಂದ ಕೂಡಲೆ ತಾನಾಗಿ ಕೆಳಗಿಳಿದು ಬಂದ ನಿದರ್ಶನ ಅಪರೂಪ.

ಹಾಗಾದರೆ ನ್ಯಾಯವಾದ ಯುದ್ಧವೇ ಇಲ್ಲವೆ ಎಂದು ಕೇಳುವವರಿಗೆ, ಇದೆ ಎಂದೇ ನನ್ನ ಉತ್ತರ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಬಿತ್ತು. ಮುಂದಿನ ಜುಲೈಯಲ್ಲಿ ಸಿಮ್ಲಾದಲ್ಲಿ ಒಪ್ಪಂದವಾಯಿತು. ಆ ಯುದ್ಧವನ್ನೂ ಆತಕೂರಿನ ಕಲ್ಲಿನ ಯುದ್ಧವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬುದ್ಧಿಗೇಡಿತನ. ಆದರೆ ಇಲ್ಲೊಂದು ತರ್ಕದ ಸೂಕ್ಷ್ಮವಿದೆ. ಯುದ್ಧ ಮನುಷ್ಯ ಸ್ವಭಾವವೆಂದು ಒಪ್ಪಿದ ಕ್ಷಣ ನ್ಯಾಯ ಅನ್ಯಾಯದ ಮಾತೇ ಬಿದ್ದುಹೋಗುತ್ತದೆ. ಭೂಕಂಪದಲ್ಲಿ ನ್ಯಾಯವಾದ ಭೂಕಂಪ, ಅನ್ಯಾಯದ ಭೂಕಂಪ ಎಂದು ಯಾರೂ ವಿಂಗಡಿಸುವುದಿಲ್ಲ. 1971ರ ಯುದ್ಧ ಸರಿಯಾದದ್ದು ಎಂದು ಎದೆ ತಟ್ಟಿ ಹೇಳುವವರು, ಹಾಗೆ ಹೇಳುವುದರಲ್ಲೇ ಯುದ್ಧವೆಂಬುದು ಮಾಡಬಹುದಾದ, ಬಿಡಬಹುದಾದ ಕೆಲಸ ಎಂಬ ನನ್ನ ಮಾತನ್ನು ಒಪ್ಪಿರುತ್ತಾರೆ. ಮಾಡಿದವರಿದ್ದಾರೆ ಎಂದಾದರೆ ಮಾಡಿದವರನ್ನು ಕೇಳುವ ಹಕ್ಕೂ ಹುಟ್ಟುತ್ತದೆ.

ಕೇಳುವ ಮೊದಲೇ ಉತ್ತರಿಸಿದ ದೊರೆ ಒಬ್ಬನಿದ್ದನಲ್ಲ ಎಂದು ಅಶೋಕನ ಹೆಸರು ಹೇಳುವುದು ವಾಡಿಕೆ. ಪಟ್ಟವೇರಿದ ಎಂಟನೆಯ ವರ್ಷದಲ್ಲಿ ಕಳಿಂಗವನ್ನು ಗೆದ್ದೆ, ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದೆ, ಒಂದು ಲಕ್ಷ ಜನ ಹತರಾದರು, ಅದರ ಎಷ್ಟೋ ಪಟ್ಟು ಜನ ಸತ್ತರು, ಈಗ ನೋಯುತ್ತಿದ್ದೇನೆ ಎಂದು ಅವನ 13ನೆಯ ಬಂಡೆಗಲ್ಲು ಶಾಸನ ಹೇಳುತ್ತದೆ. ಗೆದ್ದ ಅರಸನೊಬ್ಬ ಹೆಣಗಳ ಎಣಿಕೆಯನ್ನು ತನ್ನ ಹೆಸರಿನಲ್ಲೇ ಬರೆಸಿದ್ದು ಜಗತ್ತಿನ ಚರಿತ್ರೆಯಲ್ಲೇ ದೊಡ್ಡ ಘಟನೆ, ಅದರ ದೊಡ್ಡತನವನ್ನು ನಾನು ಕಡಿಮೆ ಮಾಡಲಾರೆ. ಆದರೆ ಅದೇ ಶಾಸನ, ಪಶ್ಚಾತ್ತಾಪದಲ್ಲೂ ತನಗೆ ಶಕ್ತಿಯಿದೆಯೆಂದು ಕಾಡಿನ ಜನರಿಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಅದನ್ನು ಕೊರೆಸಿದ ಜಾಗಗಳೋ ಗಿರ್ನಾರ್, ಕಾಲ್ಸಿ, ಶಾಹಬಾಜ್‌ಗಢಿಯಂಥ ದೂರದ ನೆಲೆಗಳು. ಯಾರ ಮನೆಗಳು ಉರಿದವೋ ಆ ಕಳಿಂಗದ ಧೌಲಿಯಲ್ಲಿ, ಜೌಗಡದಲ್ಲಿ 13ನೆಯ ಶಾಸನವಿಲ್ಲ. ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಹೆದರಬೇಡಿ, ಅಧಿಕಾರಿಗಳು ನ್ಯಾಯವಾಗಿ ನಡೆಯಲಿ ಎಂಬ ಅರ್ಥದ ಮಾತುಗಳು ಅವು. ಸತ್ತವರ ಸಂಖ್ಯೆಯನ್ನು ಸತ್ತವರ ಮಕ್ಕಳಿಗೆ ಹೇಳುವುದು ಆಳುವವನಿಗೆ ಕ್ಷೇಮವೆನಿಸಲಿಲ್ಲ. ಅಶೋಕನ ಮನಸ್ಸು ಕರಗಿದ್ದು ನಿಜವಿರಬಹುದು. ಕರಗಿದ್ದನ್ನು ಎಲ್ಲಿ ತೋರಿಸಬೇಕು, ಎಲ್ಲಿ ತೋರಿಸಬಾರದು ಎಂದು ತೀರ್ಮಾನಿಸಿದ್ದು ರಾಜಕೀಯ.

ಆ ಎರಡು ಪ್ರತ್ಯೇಕ ಶಾಸನಗಳು ಕಳಿಂಗದ ಹೊರಗೆ ಸಿಕ್ಕಿರುವುದು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಮಾಡು ಕುಸಿಯಿತು, ವಿಗ್ರಹ ಒಡೆಯಿತು. ಅದರ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಆ ಕಲ್ಲಿನಲ್ಲಿ 12ನೆಯ ಶಾಸನವಿದೆ, 14ನೆಯದಿದೆ, ಹೆದರಬೇಡಿ ಎನ್ನುವ ಆ ಎರಡೂ ಇವೆ. ನಡುವಿನದು, ಸತ್ತವರ ಲೆಕ್ಕ ಕೊಡುವ 13ನೆಯದು, ಅದರ ಮೇಲೆ ಇಲ್ಲ.